ಓಪಿ2 ಫೈಲ್‌ನಲ್ಲಿ 101 ಯಾಕೆ 1012 ಆಗಿ ಕಾಣುತ್ತದೆ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಡಿಸೈನ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ವಾಲ್ವ್ ಬಾಡಿಯ ಸ್ಟ್ರೆಸ್ ಅನಾಲಿಸಿಸ್ಸನ್ನು ಹೊರಗಿನ ಕನ್ಸಲ್ಟೆಂಟ್ ಒಬ್ಬರು ನಾಸ್ಟ್ರಾನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟಿದ್ದಾರೆ. ನನ್ನ ಕೈಯಲ್ಲಿ ಅದರ ಫಲಿತಾಂಶ ಇರುವ ಎರಡು ಓಪಿ2 ಫೈಲ್ ಇವೆ. ಒಂದು ಈ ವರ್ಷದ್ದು, ಇನ್ನೊಂದು ಕಪಾಟಿನಲ್ಲಿದ್ದ ಹಳೇ ಸಿಡಿಯಲ್ಲಿ ಸಿಕ್ಕಿದ್ದು. ನಮ್ಮಲ್ಲಿ ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲ. ಪೈಥಾನ್ ಸ್ವಲ್ಪ ಬರುತ್ತದೆ. ಹೊಸ ಫೈಲನ್ನು ನಾಲ್ಕು ನಾಲ್ಕು ಬೈಟ್ ಆಗಿ ಓದಿದರೆ 4, 3, 4, 12 ಅಂತ ಶುರುವಾಗಿ ಆಮೇಲೆ ಎಲ್ಲ ಗೋಜಲು. ನೋಡ್ (ಮಾಡೆಲ್‌ನ ಬಿಂದು) ನಂಬರ್‌ಗಳು ಮಾಡೆಲ್‌ನಲ್ಲಿ ಇರುವುದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿವೆ. ಹಳೇ ಫೈಲ್ ಅಂತೂ 67108864 ಅಂತಲೇ ಶುರುವಾಗುತ್ತದೆ. ಫೈಲ್ ಕೆಟ್ಟಿದೆಯಾ? ಸ್ಟ್ರೆಸ್ ಎಲ್ಲವನ್ನೂ ಎಕ್ಸೆಲ್‌ಗೆ ತರಬೇಕು. ದಾರಿ ಹೇಳಿ.

ಉತ್ತರ: ಎರಡೂ ಫೈಲ್ ಚೆನ್ನಾಗಿಯೇ ಇವೆ ಅನ್ನಿಸುತ್ತದೆ. ನೀವು ಬರೆದ ಆ ಐದು ಸಂಖ್ಯೆಗಳೇ ಅದನ್ನು ಹೇಳುತ್ತಿವೆ. 4, 3, 4, 12 ಅಂದರೆ ಓಪಿ2 ಫೈಲ್ ಸರಿಯಾಗಿ ಶುರುವಾಗುವ ರೀತಿ. 67108864 ಅಂದರೂ ಅದೇ 4. ಅದನ್ನು ನೀವು ತಿರುಗಾಮುರುಗಾ ಓದಿದ್ದೀರಿ, ಅಷ್ಟೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಎರಡೂ ಫೈಲಿನ ಕಾಪಿ ತೆಗೆದು ಬೇರೆ ಫೋಲ್ಡರ್‌ನಲ್ಲಿಡಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ತಪ್ಪಿಲ್ಲ, ಆದರೆ ಅಪ್ಪಿತಪ್ಪಿ ಸೇವ್ ಒತ್ತಿದಿರೋ, ಫೈಲ್ ಹೋದ ಹಾಗೆಯೇ. ನೋಡಲು ಹೆಕ್ಸ್ ವ್ಯೂವರ್ ಬೇಕು. ವಿಂಡೋಸ್‌ನಲ್ಲಿ ಎಚ್‌ಎಕ್ಸ್‌ಡಿ ಪುಕ್ಕಟೆ ಸಿಗುತ್ತದೆ. ಲಿನಕ್ಸ್‌ನಲ್ಲಾದರೆ ಹೆಕ್ಸ್‌ಡಂಪ್ ಸಾಮಾನ್ಯವಾಗಿ ಇರುತ್ತದೆ, ಅದನ್ನು -C ಹಾಕಿ ಓಡಿಸಿ. ಎಡಗಡೆ ಒಂದೊಂದು ಬೈಟ್ ಎರಡೆರಡು ಅಂಕಿಯಾಗಿ ಕಾಣುತ್ತದೆ, ಬಲಗಡೆ ಅದೇ ಬೈಟ್‌ಗಳು ಅಕ್ಷರವಾಗಿ. ಎಡಗಡೆಯದು 16ರ ಲೆಕ್ಕ. ಹಾಗಾಗಿ 9 ಆದ ಮೇಲೆ ಎ, ಬಿ, ಸಿ ಅಂತ ಎಫ್ ತನಕ ಬರುತ್ತದೆ. ಹೆದರಬೇಡಿ, ಎರಡು ದಿನದಲ್ಲಿ ಕಣ್ಣಿಗೆ ಅಭ್ಯಾಸವಾಗುತ್ತದೆ.

ಇಷ್ಟು ಕಷ್ಟ ಯಾಕೆ, ಎಲ್ಲವನ್ನೂ ಟೆಕ್ಸ್ಟ್ ಆಗಿಯೇ ಬರೆಯಬಹುದಲ್ಲ ಅಂತ ಕೇಳಬಹುದು. 5 ಲಕ್ಷ ನೋಡ್ ಇರುವ ಮಾಡೆಲ್ ತಗೊಳ್ಳಿ. ಒಂದು ನೋಡ್‌ನ ಡಿಸ್‌ಪ್ಲೇಸ್‌ಮೆಂಟ್‌ಗೆ, ಅಂದರೆ ಅದು ಎಷ್ಟು ಸರಿಯಿತು ಅನ್ನುವುದಕ್ಕೆ, ಓಪಿ2ನಲ್ಲಿ 32 ಬೈಟ್ ಸಾಕು. ಅಂದರೆ ಒಂದು ಲೋಡ್ ಕೇಸ್‌ಗೆ 1.6 ಕೋಟಿ ಬೈಟ್, ಸುಮಾರು 16 ಎಂಬಿ. ಅದೇ ಟೆಕ್ಸ್ಟ್‌ನಲ್ಲಿ ಒಂದು ನೋಡ್‌ಗೆ ನೂರು ಅಕ್ಷರ ದಾಟಿದ ಒಂದು ಸಾಲು ಬೇಕು. ಮೂರು ನಾಲ್ಕು ಪಟ್ಟು ಜಾಸ್ತಿ. ಓದುವ ಸಮಯ ಇನ್ನೂ ಜಾಸ್ತಿ. ಅದಕ್ಕೇ ಬೈನರಿ.

ಈಗ ನಾನು ಹೊಸಬರಿಗೆಲ್ಲ ಹೇಳುವ ಮಾತು: ದೊಡ್ಡ ಫೈಲಿಗೆ ಕೈ ಹಾಕುವ ಮುಂಚೆ, ಉತ್ತರ ನಿಮಗೆ ಗೊತ್ತಿರುವ ಒಂದು ಪುಟ್ಟ ಫೈಲ್ ಮಾಡಿಕೊಳ್ಳಿ. ಅದರೊಳಗೆ ಒಂದು ಗುರುತಿನ ಅಂಕಿ ಬಚ್ಚಿಡಿ. ಆಮೇಲೆ ಅದನ್ನು ಹುಡುಕಿ. ನಾನು ಯಾವಾಗಲೂ 1025.25 ಬಳಸುತ್ತೇನೆ. ಇದರಲ್ಲೊಂದು ಅನುಕೂಲ ಇದೆ. ಸಿಂಗಲ್ ಪ್ರಿಸಿಷನ್‌ನಲ್ಲಿ, ಅಂದರೆ 4 ಬೈಟ್‌ನಲ್ಲಿ, ಇದರ ಹೆಕ್ಸ್ ರೂಪ 44 80 28 00. ಡಬಲ್‌ನಲ್ಲಾದರೆ 40 90 05 00 00 00 00 00. ಎಬಿಸಿ ಗೊಂದಲ ಇಲ್ಲ, ಎರಡೂ ರೂಪ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಬಹುದು. ಮಾಮೂಲಿ ಲೆಕ್ಕದಲ್ಲಿ ತಾನಾಗಿಯೇ ಬರುವ ಸಂಖ್ಯೆಯೂ ಅಲ್ಲ. 1 ಅಥವಾ 2 ಬಚ್ಚಿಟ್ಟರೆ ಫೈಲ್ ತುಂಬ ಸಿಕ್ಕೀತು.

ನಾಸ್ಟ್ರಾನ್ ಇಲ್ಲದಿದ್ದರೂ ಇದನ್ನು ಇವತ್ತೇ ಮಾಡಬಹುದು. ನಿಮ್ಮ ಕ್ಯಾಡ್‌ನಲ್ಲಿ ಒಂದು ಪೆಟ್ಟಿಗೆ ಬರೆಯಿರಿ. ಒಂದು ಮೂಲೆ ಒರಿಜಿನ್‌ನಲ್ಲಿರಲಿ, ಉದ್ದ 1025.25 ಮಿಲಿಮೀಟರ್ ಇರಲಿ. ಅದನ್ನು ಬೈನರಿ ಎಸ್‌ಟಿಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಎಸ್‌ಟಿಎಲ್‌ನ ಒಳಗೆ ಮೊದಲು 80 ಬೈಟ್ ಹೆಡರ್, ನಂತರ 4 ಬೈಟ್‌ನಲ್ಲಿ ತ್ರಿಕೋನಗಳ ಎಣಿಕೆ, ನಂತರ ಒಂದೊಂದು ತ್ರಿಕೋನಕ್ಕೆ 50 ಬೈಟ್. ಪೆಟ್ಟಿಗೆಗೆ ಆರು ಮುಖ, ಮುಖಕ್ಕೆ ಎರಡು ತ್ರಿಕೋನ, ಒಟ್ಟು 12. ಹಾಗಾದರೆ ಫೈಲ್ ಸೈಜ್ 84 ಮತ್ತು 600 ಸೇರಿ 684 ಬೈಟ್ ಇರಬೇಕು. ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಸರಿಯಾಗಿ 684 ಇರುತ್ತದೆ. ಈಗ ಹೆಕ್ಸ್ ವ್ಯೂವರ್‌ನಲ್ಲಿ 44 80 28 00 ಹುಡುಕಿ. ಸಿಗುವುದಿಲ್ಲ! 00 28 80 44 ಅಂತ ಹುಡುಕಿ. ಸಿಗುತ್ತದೆ. ನಿಮ್ಮ ಹಳೇ ಫೈಲಿನ ಗುಟ್ಟು ಇಲ್ಲೇ ಇದೆ.

ಕನ್ನಡದಲ್ಲಿ ನಾವು ಇಪ್ಪತ್ತೈದು ಅನ್ನುತ್ತೇವೆ. ಇಪ್ಪತ್ತು ಮೊದಲು, ಐದು ಆಮೇಲೆ. ಪಕ್ಕದ ಮರಾಠಿ ಅಂಗಡಿಯವರು ಪಂಚವೀಸ ಅನ್ನುತ್ತಾರೆ. ಐದು ಮೊದಲು, ಇಪ್ಪತ್ತು ಆಮೇಲೆ. ಇಬ್ಬರೂ ಕೊಡುವುದು ಅದೇ 25 ರೂಪಾಯಿ. ಕಂಪ್ಯೂಟರ್‌ಗಳಲ್ಲೂ ಹೀಗೆ ಎರಡು ಮನೆತನ ಇವೆ. ದೊಡ್ಡ ಬೈಟ್ ಮೊದಲು ಬರೆಯುವವು ಬಿಗ್ ಎಂಡಿಯನ್. ಚಿಕ್ಕ ಬೈಟ್ ಮೊದಲು ಬರೆಯುವವು ಲಿಟಲ್ ಎಂಡಿಯನ್. ನಿಮ್ಮ ಟೇಬಲ್ ಮೇಲಿನ ಇಂಟೆಲ್ ಅಥವಾ ಎಎಂಡಿ ಕಂಪ್ಯೂಟರ್ ಮರಾಠಿ ಎಣಿಕೆಯದು, ಚಿಕ್ಕದು ಮೊದಲು. ಹಿಂದೆ ಸನ್, ಎಸ್‌ಜಿಐ, ಎಚ್‌ಪಿ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ಕಾಲ ಇತ್ತಲ್ಲ, ಆ ಸ್ಪಾರ್ಕ್, ಮಿಪ್ಸ್, ಪಿಎ-ರಿಸ್ಕ್ ಮಷಿನ್‌ಗಳು ದೊಡ್ಡದು ಮೊದಲು ಬರೆಯುತ್ತಿದ್ದವು. ನಿಮ್ಮ ಸಿಡಿ ಬಹುಶಃ ಆ ಕಾಲದ್ದು.

4 ಅನ್ನುವ ಸಂಖ್ಯೆ ಅಲ್ಲಿ 00 00 00 04 ಆಗಿ ಕೂತಿದೆ. ನಿಮ್ಮ ಕಂಪ್ಯೂಟರ್ ಅದನ್ನು ಹಿಂದಿನಿಂದ ಓದಿ, 4ನ್ನು 1,67,77,216ರಿಂದ ಗುಣಿಸಿ, 67108864 ಅಂತ ಹೇಳಿತು. ಪೈಥಾನ್‌ನ ನಂಪೈ ಲೈಬ್ರರಿ ಬಳಸುತ್ತಿದ್ದರೆ ಡಿಟೈಪ್‌ನ ಮುಂದೆ < ಬದಲು > ಚಿಹ್ನೆ ಹಾಕಿ. ಅಷ್ಟೇ ಔಷಧ. ಹಾಕಿದ ಕೂಡಲೇ ಹಳೇ ಫೈಲೂ 4, 3, 4, 12 ಅಂತ ಶುರುವಾಗುತ್ತದೆ ನೋಡಿ. ಆದರೆ ಅಕ್ಷರಗಳನ್ನು ತಿರುಗಿಸಲು ಹೋಗಬೇಡಿ. ಅವು ಒಂದೊಂದೇ ಬೈಟ್, ಎರಡೂ ಮನೆತನದಲ್ಲಿ ಒಂದೇ ಥರ ಇರುತ್ತವೆ.

ಇನ್ನು 4, 3, 4, 12ರ ಅರ್ಥಕ್ಕೆ ಬರೋಣ. ನಾಸ್ಟ್ರಾನ್ 1960ರ ದಶಕದಲ್ಲಿ ನಾಸಾಕ್ಕಾಗಿ ಫೋರ್ಟ್ರಾನ್‌ನಲ್ಲಿ ಬರೆದ ಪ್ರೋಗ್ರಾಂ. ಫೋರ್ಟ್ರಾನ್ ಬೈನರಿ ಫೈಲ್ ಬರೆಯುವಾಗ ಸುಮ್ನೆ ಡೇಟಾ ಸುರಿಯುವುದಿಲ್ಲ. ಒಂದೊಂದು ಕಂತಿಗೂ ಮುಂದೊಂದು ಹಿಂದೊಂದು ಎಣಿಕೆ ಹಾಕುತ್ತದೆ. ಹುಬ್ಬಳ್ಳಿಯವರಿಗೆ ಇದನ್ನು ಗೂಡ್ಸ್ ಗಾಡಿಯ ಮೂಲಕ ಹೇಳುವುದೇ ಸುಲಭ. ಇಂಜಿನ್ ಮೇಲೆ ‘ಹಿಂದೆ 12 ಬೈಟ್ ಇದೆ’ ಅಂತ ಬೋರ್ಡು. ನಡುವೆ 12 ಬೈಟ್ ಸರಕು. ಕೊನೆಯ ಗಾರ್ಡ್ ಡಬ್ಬಿ ಮೇಲೂ ‘12’ ಅಂತಲೇ ಬೋರ್ಡು. ಎರಡು ಬೋರ್ಡು ತಾಳೆಯಾದರೆ ಗಾಡಿ ಪೂರ್ತಿ ಬಂದಿದೆ. ಆಗದಿದ್ದರೆ ನೀವು ತಪ್ಪು ಹಳಿಯಲ್ಲಿದ್ದೀರಿ.

ಓಪಿ2 ಇದರ ಮೇಲೆ ಇನ್ನೊಂದು ಪದರ ಹಾಕುತ್ತದೆ. ಪ್ರತಿ ದೊಡ್ಡ ಗಾಡಿಯ ಮುಂದೆ ಒಂದು ಪುಟ್ಟ ಪೈಲಟ್ ಗಾಡಿ ಬರುತ್ತದೆ. ಅದರ ಸರಕು ಒಂದೇ ಸಂಖ್ಯೆ: ಮುಂದೆ ಎಷ್ಟು ವರ್ಡ್ ಬರುತ್ತವೆ ಅಂತ. ಇಲ್ಲಿ ವರ್ಡ್ ಅಂದರೆ 4 ಬೈಟ್. ಹಾಗಾಗಿ 4, 3, 4 ಅಂದರೆ ‘4 ಬೈಟಿನ ಗಾಡಿ, ಒಳಗೆ 3 ಅನ್ನುವ ಸಂಖ್ಯೆ, 4 ಬೈಟ್ ಮುಗಿಯಿತು’. ಮುಂದಿನ ಗಾಡಿಯಲ್ಲಿ 3 ವರ್ಡ್, ಅಂದರೆ 12 ಬೈಟ್. ಅದೇ ನಿಮ್ಮ 12. ಅದರೊಳಗೆ ರನ್ ಮಾಡಿದ ತಿಂಗಳು, ದಿನ, ವರ್ಷ ಇರುತ್ತವೆ. ಮತ್ತೆ 12. ಆಮೇಲೆ 4, 7, 4. ನಂತರ 28 ಬೈಟ್‌ನಲ್ಲಿ ಇದು ನಾಸ್ಟ್ರಾನ್ ಫೋರ್ಟ್ರಾನ್ ಟೇಪ್ ಅಂತ ಹೇಳುವ ಒಂದು ವಾಕ್ಯ. ಹೆಕ್ಸ್ ವ್ಯೂವರ್‌ನ ಬಲಗಡೆ ಅದು ಅಕ್ಷರವಾಗಿಯೇ ಕಾಣುತ್ತದೆ. ಟೇಪ್ ಹೋಗಿ ದಶಕಗಳಾದವು, ಹೆಸರು ಮಾತ್ರ ಉಳಿದಿದೆ.

ಎಲ್ಲ ಓಪಿ2 ಫೈಲ್ ಹೀಗೇ ಶುರುವಾಗಬೇಕು ಅಂತಿಲ್ಲ. ಇನ್‌ಪುಟ್‌ನಲ್ಲಿ ಪೋಸ್ಟ್ ಪ್ಯಾರಾಮೀಟರ್ -1 ಕೊಟ್ಟರೆ ಈ ತಲೆಬರಹ ಬರುತ್ತದೆ. -2 ಕೊಟ್ಟರೆ ಬರುವುದಿಲ್ಲ. ಆಗ 4, 2, 4 ಅಂತ ಶುರುವಾಗಿ ನೇರವಾಗಿ ಟೇಬಲ್ ಹೆಸರೇ ಬರುತ್ತದೆ. ಮೊದಲ ಸಂಖ್ಯೆ 8 ಇದ್ದರೆ ಅದು 64 ಬಿಟ್ ವರ್ಡ್ ಬಳಸುವ ಆವೃತ್ತಿ. ಆಗ 4 ಬೈಟ್ ಅಂತ ಹೇಳಿದ ಕಡೆಯೆಲ್ಲ 8 ಬೈಟ್ ಅಂದುಕೊಂಡು ಓದಬೇಕು, ಗಾಡಿಯ ಬೋರ್ಡ್ ಒಂದು ಬಿಟ್ಟು.

ಗಾರ್ಡ್ ಡಬ್ಬಿಯ ಬೋರ್ಡ್ ತಾಳೆ ನೋಡುವುದನ್ನು ಯಾವತ್ತೂ ಬಿಡಬೇಡಿ. ನನಗೆ ಒಮ್ಮೆ ಹೊರ ಊರಿನ ಕಂಪನಿಯೊಂದು ಎಫ್‌ಟಿಪಿ ಮೂಲಕ ಫೈಲ್ ಕಳಿಸಿತ್ತು. ಮೊದಲ ಕೆಲವು ಕಂತು ಸರಿಯಾಗಿ ಓದಿದವು. ಆಮೇಲೆ ಎಲ್ಲ ಒಂದೊಂದು ಬೈಟ್ ಜರುಗಿದ ಹಾಗೆ. ಎರಡು ದಿನ ನನ್ನ ಪ್ರೋಗ್ರಾಂ ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಅವರ ಹತ್ತಿರ ಫೈಲ್ ಸೈಜ್ ಕೇಳಿದೆ. ನನ್ನ ಫೈಲ್ ಅವರದಕ್ಕಿಂತ ದೊಡ್ಡದಿತ್ತು! ಅವರು ಟೆಕ್ಸ್ಟ್ ಮೋಡ್‌ನಲ್ಲಿ ಕಳಿಸಿದ್ದರು. ಯುನಿಕ್ಸ್‌ನಿಂದ ವಿಂಡೋಸ್‌ಗೆ ಹಾಗೆ ಕಳಿಸಿದರೆ 10 ಬೆಲೆಯ ಬೈಟ್ ಸಿಕ್ಕಲ್ಲೆಲ್ಲ ಅದಕ್ಕೂ ಮೊದಲು 13 ಸೇರಿಕೊಳ್ಳುತ್ತದೆ. ಆ 10 ಸಾಲು ಮುಗಿಯುವ ಗುರುತು ಅಂತ ಎಫ್‌ಟಿಪಿಯ ಭಾವನೆ. ಅಂಥ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ನಿಜವಾದ 13 ಯಾವುದು ಸೇರಿದ 13 ಯಾವುದು ಅಂತ ಗೊತ್ತಾಗುವುದಿಲ್ಲ. ಮತ್ತೆ ಕಳಿಸಲು ಹೇಳಿ, ಈ ಸಲ ಜಿಪ್ ಮಾಡಿ ಕಳಿಸಲಿ. ಪೈಥಾನ್‌ನಲ್ಲೂ ಫೈಲ್ ತೆರೆಯುವಾಗ ಬೈನರಿ ಮೋಡ್ ಅಂತ ಹೇಳುವುದನ್ನು ಮರೆಯಬೇಡಿ.

ಮುಂದೆ ಟೇಬಲ್‌ಗಳು ಒಂದರ ಹಿಂದೆ ಒಂದು ಬರುತ್ತವೆ. 8 ಅಕ್ಷರದ ಹೆಸರು ಮೊದಲು. ಡಿಸ್‌ಪ್ಲೇಸ್‌ಮೆಂಟ್‌ಗೆ ಸಾಮಾನ್ಯವಾಗಿ ಓಯುಜಿವಿ1, ಸ್ಟ್ರೆಸ್‌ಗೆ ಓಇಎಸ್1 ಅಂತ ಶುರುವಾಗುವ ಹೆಸರು. ಒಳಗೆ -1, -2, -3 ಅಂತ ಇಳಿಯುತ್ತಾ ಹೋಗುವ ಪೈಲಟ್ ಗಾಡಿಗಳು ಉಪವಿಭಾಗಗಳನ್ನು ಗುರುತಿಸುತ್ತವೆ. ಮುಖ್ಯವಾದದ್ದು ಒಂದು ಜೋಡಿ. ಮೊದಲು 146 ವರ್ಡ್‌ನ, ಅಂದರೆ 584 ಬೈಟ್‌ನ ಪರಿಚಯ ಕಂತು. ಹಿಂದೆಯೇ ಡೇಟಾ ಕಂತು. ಪರಿಚಯ ಕಂತಿನಲ್ಲಿ ಇದು ಯಾವ ಫಲಿತಾಂಶ, ಯಾವ ಸಬ್‌ಕೇಸ್ (ಲೋಡ್ ಕೇಸ್) ಅಂತ ಬರೆದಿರುತ್ತದೆ. ಅದರ 10ನೇ ವರ್ಡ್ ಬಹಳ ಮುಖ್ಯ: ಒಂದೊಂದು ನೋಡ್ ಅಥವಾ ಎಲಿಮೆಂಟ್‌ಗೆ (ನೋಡ್‌ಗಳ ನಡುವಿನ ತುಂಡಿಗೆ) ಎಷ್ಟು ವರ್ಡ್ ಅಂತ ಅದು ಹೇಳುತ್ತದೆ. ಕೊನೆಯ 96 ವರ್ಡ್ ಟೈಟಲ್, ಸಬ್‌ಟೈಟಲ್, ಲೇಬಲ್. ಬಲಗಡೆ ನೋಡಿದರೆ ಕನ್ಸಲ್ಟೆಂಟ್ ಇಟ್ಟ ಹೆಸರು ಕಾಣಿಸುತ್ತದೆ. ಇಷ್ಟು ಸಿಕ್ಕಿದರೆ ಅರ್ಧ ಗೆದ್ದಿರಿ.

ಮಾಮೂಲಿ ಸ್ಟ್ಯಾಟಿಕ್ ಅನಾಲಿಸಿಸ್‌ನ ಡಿಸ್‌ಪ್ಲೇಸ್‌ಮೆಂಟ್‌ಗೆ ಆ 10ನೇ ವರ್ಡ್ 8 ಇರುತ್ತದೆ. ನೋಡ್ ನಂಬರ್, ನೋಡ್‌ನ ಬಗೆ, ಮೂರು ಸರಿತ, ಮೂರು ತಿರುಗು. ಮೊದಲ ಎರಡು ಪೂರ್ಣಾಂಕ, ಉಳಿದ ಆರು ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ. ಎಲ್ಲವನ್ನೂ ಒಂದೇ ಥರ ಓದಿದರೆ ಗೋಜಲಾಗುವುದು ಇಲ್ಲೇ. ಇನ್ನೊಂದು ಗುಂಡಿ ಇದೆ. ಡೇಟಾ ಉದ್ದವಾದಾಗ ನಾಸ್ಟ್ರಾನ್ ಅದನ್ನು ತುಂಡು ಮಾಡಿ ಹಲವು ಗಾಡಿಗಳಲ್ಲಿ ಕಳಿಸುತ್ತದೆ. ತುಂಡಾಗುವ ಜಾಗ ಒಂದು ನೋಡ್‌ನ ಮಧ್ಯದಲ್ಲೇ ಬರಬಹುದು. ಆದ್ದರಿಂದ ಎಲ್ಲ ತುಂಡು ಜೋಡಿಸಿದ ಮೇಲೇ ಎಂಟೆಂಟಾಗಿ ಭಾಗ ಮಾಡಿ. ಒಟ್ಟು ಬೈಟ್ 32ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ.

ಈಗ ಹತ್ತು ಪಟ್ಟಿನ ವಿಷಯ. ಓಪಿ2 ನೋಡ್ ನಂಬರನ್ನು ಹಾಗೇ ಬರೆಯುವುದಿಲ್ಲ. 10ರಿಂದ ಗುಣಿಸಿ, ಬಿಡಿ ಸ್ಥಾನದಲ್ಲಿ ಡಿವೈಸ್ ಕೋಡ್ ಸೇರಿಸುತ್ತದೆ. ಪ್ರಿಂಟ್‌ಗೆ 1, ಪ್ಲಾಟ್‌ಗೆ 2. 101ನೇ ನೋಡ್ ಪ್ಲಾಟ್‌ಗೆ ಹೋಗಿದ್ದರೆ 1012. ಪ್ರಿಂಟ್‌ಗೆ ಹೋಗಿದ್ದರೆ 1011. ಎಲಿಮೆಂಟ್‌ಗೂ ಹೀಗೆಯೇ. ಓದಿದ ಮೇಲೆ 10ರಿಂದ ಭಾಗಿಸಿ ಶೇಷ ಬಿಟ್ಟುಬಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ರೀಡರ್ ಬರೆದಿದ್ದೆ. ಬಹಳ ಹೆಮ್ಮೆ. ಅತಿ ಹೆಚ್ಚು ಸರಿದ ನೋಡ್ 1012 ಅಂತ ರಿಪೋರ್ಟ್ ಕೊಟ್ಟೆ. ನನ್ನ ದುರದೃಷ್ಟಕ್ಕೆ ಮಾಡೆಲ್‌ನಲ್ಲಿ 1012 ಅನ್ನುವ ನೋಡ್ ನಿಜವಾಗಿಯೂ ಇತ್ತು! ಇಲ್ಲದಿದ್ದರೆ ಅಲ್ಲೇ ಎಚ್ಚರವಾಗುತ್ತಿತ್ತು. ನಮ್ಮ ಸೀನಿಯರ್ ಡ್ರಾಯಿಂಗ್ ಮೇಲೆ ಬೆರಳಿಟ್ಟು ಕೇಳಿದರು: ‘ಇದೇನ್ರೀ, ಬೋಲ್ಟ್ ಹಾಕಿ ಬಿಗಿದ ಜಾಗ ಅದ ಇದು. ಇಲ್ಲಿ ಹೆಂಗ ಸರಿತೈತಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಗಿರ್ಮಿಟ್ ತಿನ್ನುತ್ತಾ ಅವರೇ ಡಿವೈಸ್ ಕೋಡ್ ಪಾಠ ಹೇಳಿದರು. ಬೈಟ್ ಸರಿಯಾಗಿ ಓದಿದರೆ ಸಾಲದು, ಅದರ ಅರ್ಥ ಗೊತ್ತಿರಬೇಕು ಅನ್ನುವುದು ಅವತ್ತು ತಲೆಗೆ ಹೋಯಿತು.

ನಿಮಗೆ ಬೇಕಿರುವ ಸ್ಟ್ರೆಸ್‌ನಲ್ಲಿ ಈ ಅರ್ಥದ ಪ್ರಶ್ನೆ ಇನ್ನೂ ಜಾಸ್ತಿ. ವಾಲ್ವ್ ಬಾಡಿ ಅಂದರೆ ಟೆಟ್ರಾ (ನಾಲ್ಕು ಮೂಲೆಯ) ಎಲಿಮೆಂಟ್ ಇರಬೇಕು ಅಂದುಕೊಳ್ಳುತ್ತೇನೆ. ಟೆಟ್ರಾಗೆ ಒಂದು ಎಲಿಮೆಂಟ್‌ಗೆ 109 ವರ್ಡ್. ಮೊದಲು 4 ವರ್ಡ್ ಎಲಿಮೆಂಟ್ ನಂಬರ್, ಕೋಆರ್ಡಿನೇಟ್ ಸಿಸ್ಟಮ್ ಇತ್ಯಾದಿ. ಆಮೇಲೆ ಐದು ಜಾಗಗಳಿಗೆ 21 ವರ್ಡ್‌ನಂತೆ 105. ಐದು ಜಾಗ ಅಂದರೆ ಮಧ್ಯಬಿಂದು ಮತ್ತು ನಾಲ್ಕು ಮೂಲೆ. ಮಧ್ಯಬಿಂದುವಿಗೆ ನೋಡ್ ನಂಬರ್ 0 ಅಂತ ಇರುತ್ತದೆ, ಇದು ಕೆಟ್ಟ ಡೇಟಾ ಅಲ್ಲ.

ಆ 21ರ ಕ್ರಮ ವಿಚಿತ್ರ. ನೋಡ್ ನಂಬರ್ ಆದ ಮೇಲೆ ಎಕ್ಸ್ ದಿಕ್ಕಿನ ಸ್ಟ್ರೆಸ್. ಅದರ ನಂತರ ವೈ ಬರುತ್ತದೆ ಅಂದುಕೊಂಡರೆ ತಪ್ಪು. ಎಕ್ಸ್-ವೈ ಶಿಯರ್ ಬರುತ್ತದೆ. ಆಮೇಲೆ ಮೊದಲ ಪ್ರಿನ್ಸಿಪಲ್ ಸ್ಟ್ರೆಸ್, ಅದರ ಮೂರು ದಿಕ್ಕು, ಸರಾಸರಿ ಒತ್ತಡ. 9ನೆಯದು ವಾನ್ ಮಿಸಸ್, ಅಂದರೆ ಆರೂ ಘಟಕ ಸೇರಿಸಿ ಲೆಕ್ಕ ಹಾಕಿದ ಒಂದೇ ಸ್ಟ್ರೆಸ್. 10ನೆಯದು ವೈ ಸ್ಟ್ರೆಸ್, ಪಕ್ಕದಲ್ಲಿ ವೈ-ಜಡ್ ಶಿಯರ್. ಜಡ್ ಸ್ಟ್ರೆಸ್ 16ನೆಯದು, ಜಡ್-ಎಕ್ಸ್ ಶಿಯರ್ 17ನೆಯದು. ಹಳೇ ಪ್ರಿಂಟ್‌ಔಟ್‌ನಲ್ಲಿ ಮೂರು ಸಾಲಾಗಿ ಅಚ್ಚಾಗುತ್ತಿದ್ದುದನ್ನು ಹಾಗೇ ಫೈಲಿಗೆ ಇಳಿಸಿದ್ದಾರೆ. ಆರು ಘಟಕಗಳಿಂದ ನೀವೇ ವಾನ್ ಮಿಸಸ್ ಲೆಕ್ಕ ಹಾಕಿ, 9ನೇ ವರ್ಡ್ ಜತೆ ತಾಳೆ ನೋಡಿ. ಹತ್ತು ಎಲಿಮೆಂಟ್‌ಗೆ ತಾಳೆಯಾದರೆ ನಿಮ್ಮ ಓದು ಸರಿ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ, ಯಾಕೆಂದರೆ ಫೈಲೇ ತನ್ನ ಸಾಕ್ಷಿ ಹೇಳುತ್ತದೆ. ತಾಳೆ ಆಗದಿದ್ದರೆ ಇನ್‌ಪುಟ್‌ನಲ್ಲಿ ವಾನ್ ಮಿಸಸ್ ಬದಲು ಶಿಯರ್ ಕೇಳಿದ್ದಾರಾ ಅಂತ ನೋಡಿ. ಆಗ ಆ ಜಾಗದಲ್ಲಿ ಬೇರೆ ಸಂಖ್ಯೆ ಕೂತಿರುತ್ತದೆ.

ಕನ್ಸಲ್ಟೆಂಟ್ ಕೊಟ್ಟ ಬಣ್ಣದ ಚಿತ್ರದಲ್ಲಿ 182 ಎಂಪಿಎ ಇದ್ದು, ನಿಮ್ಮ ಪಟ್ಟಿಯಲ್ಲಿ 197 ಬಂದರೆ ಕೂಡಲೇ ಜಗಳ ತೆಗೆಯಬೇಡಿ. (ಸಂಖ್ಯೆ ನಾನು ಉದಾಹರಣೆಗೆ ಹೇಳಿದ್ದು.) ಒಂದು ನೋಡ್‌ಗೆ ಹಲವು ಎಲಿಮೆಂಟ್ ಅಂಟಿಕೊಂಡಿರುತ್ತವೆ. ಒಂದೊಂದು ಎಲಿಮೆಂಟೂ ಆ ಮೂಲೆಗೆ ತನ್ನದೇ ಸ್ಟ್ರೆಸ್ ಹೇಳುತ್ತದೆ. ಫೈಲಿನಲ್ಲಿ ಇರುವುದು ಆ ಬಿಡಿಬಿಡಿ ಮಾತುಗಳು. ಚಿತ್ರ ಬರೆಯುವ ಪ್ರೋಗ್ರಾಂ ಸಾಮಾನ್ಯವಾಗಿ ಅವುಗಳ ಸರಾಸರಿ ತೆಗೆದು ಬಣ್ಣ ಹಚ್ಚುತ್ತದೆ. ಎರಡೂ ನಿಜವೇ. ಆದರೆ ಒಂದೇ ನೋಡ್‌ನಲ್ಲಿ ಎಲಿಮೆಂಟ್‌ಗಳ ನಡುವೆ ವ್ಯತ್ಯಾಸ ಬಹಳ ಇದ್ದರೆ ಅಲ್ಲಿ ಮೆಶ್ (ಎಲಿಮೆಂಟ್‌ಗಳ ಜಾಲ) ಒರಟಾಗಿದೆ ಅಂತ ಅರ್ಥ. ಅದನ್ನು ಕೇಳುವ ಹಕ್ಕು ನಿಮಗಿದೆ, ದುಡ್ಡು ಕೊಟ್ಟವರು ನೀವು.

ಯೂನಿಟ್ ಬಗ್ಗೆ ಒಂದು ಮಾತು. ಫೈಲಿನಲ್ಲಿ ಯೂನಿಟ್ ಎಲ್ಲೂ ಬರೆದಿರುವುದಿಲ್ಲ. ನಾಸ್ಟ್ರಾನ್‌ಗೆ ಮಿಲಿಮೀಟರ್ ಗೊತ್ತಿಲ್ಲ, ಇಂಚೂ ಗೊತ್ತಿಲ್ಲ. ಕನ್ಸಲ್ಟೆಂಟ್ ಹತ್ತಿರ ಬಿಡಿಎಫ್ ಅಂದರೆ ಇನ್‌ಪುಟ್ ಫೈಲ್ ಕೇಳಿ. ಅದು ಬರೀ ಟೆಕ್ಸ್ಟ್. ಉಕ್ಕಿನ ಯಂಗ್ಸ್ ಮಾಡ್ಯುಲಸ್ 2.1 ಲಕ್ಷದ ಆಸುಪಾಸು ಇದ್ದರೆ ನ್ಯೂಟನ್-ಮಿಲಿಮೀಟರ್ ಲೆಕ್ಕ, ಸ್ಟ್ರೆಸ್ ಎಂಪಿಎನಲ್ಲಿದೆ. ಅದೇ ಫೈಲಿನಲ್ಲಿ ನೋಡ್‌ಗಳ ಕೋಆರ್ಡಿನೇಟ್ ಸಿಸ್ಟಮ್ ಕೂಡ ನೋಡಿ. ಓಯುಜಿವಿ1ನಲ್ಲಿರುವ ಡಿಸ್‌ಪ್ಲೇಸ್‌ಮೆಂಟ್ ಆಯಾ ನೋಡ್‌ಗೆ ಕೊಟ್ಟ ಸಿಸ್ಟಮ್‌ನಲ್ಲಿ ಇರುತ್ತದೆ. ವಾಲ್ವ್ ದುಂಡಗಿರುವುದರಿಂದ ಸಿಲಿಂಡ್ರಿಕಲ್ ಸಿಸ್ಟಮ್ ಬಳಸಿರಬಹುದು. ಆಗ ಮೊದಲ ಸಂಖ್ಯೆ ಎಕ್ಸ್ ಅಲ್ಲ, ತ್ರಿಜ್ಯದ ದಿಕ್ಕು. ಎಫ್06 ಅನ್ನುವ ಟೆಕ್ಸ್ಟ್ ಫೈಲೂ ಕೇಳಿ. ಅದರಲ್ಲಿ ಅಚ್ಚಾದ ಐದಾರು ಸಂಖ್ಯೆಗಳನ್ನು ನಿಮ್ಮ ಪಟ್ಟಿ ಜತೆ ಹೋಲಿಸಿದರೆ ಗುರುತಿನ ಅಂಕಿಯ ಕೆಲಸ ಅಲ್ಲೇ ಆಗುತ್ತದೆ. ಅವರು ಒಳ್ಳೆಯವರಾಗಿದ್ದರೆ, ಹತ್ತು ಎಲಿಮೆಂಟಿನ ಒಂದು ಲೀನಿಯರ್ ಮಾಡೆಲ್‌ನಲ್ಲಿ ಒಂದು ನೋಡ್‌ಗೆ 1025.25 ಬಲವಂತದ ಸರಿತ ಕೊಟ್ಟು ಓಪಿ2 ಮಾಡಿಕೊಡಿ ಅಂತ ಕೇಳಿ. ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳಬಹುದು, ಇದಕ್ಕೆ ರೆಡಿ ಏನೂ ಇಲ್ವಾ ಅಂತ. ಇದೆ. ಪೈನಾಸ್ಟ್ರಾನ್ ಅನ್ನುವ ಉಚಿತ ಪೈಥಾನ್ ಲೈಬ್ರರಿ ಓಪಿ2 ಓದುತ್ತದೆ. ಎಂಡಿಯನ್, ತುಂಡು ಜೋಡಣೆ, ಡಿವೈಸ್ ಕೋಡ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ಅದನ್ನೇ ಬಳಸಿ. ನಾನಂತೂ ಈಗ ಸ್ವಂತ ರೀಡರ್ ಬರೆಯುವುದಿಲ್ಲ. ಆದರೂ ಮೇಲಿನದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಲೈಬ್ರರಿ ಸಂಖ್ಯೆ ಕೊಡುತ್ತದೆ, ಅದು ಮಧ್ಯಬಿಂದುವಿನದೋ ಮೂಲೆಯದೋ ಅಂತ ನೀವೇ ತಿಳಿದಿರಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಎಷ್ಟೇ ಚೆನ್ನಾಗಿದ್ದರೂ ಲಾಟ್ ಚೀಟಿ ಕಳೆದರೆ ಅದು ಯಾರದು ಅಂತ ಹೇಳಲಾಗದು, ಅಲ್ವಾ? ಹಾಗೆ.

ಮುಂದೆ ಬೇರೆ ಸಾಫ್ಟ್‌ವೇರ್ ಫೈಲ್ ಬರಬಹುದು, ಚುಟುಕಾಗಿ ಹೇಳಿಬಿಡುತ್ತೇನೆ. ಆನ್ಸಿಸ್‌ನ ಆರ್‌ಎಸ್‌ಟಿ ಕೂಡ ಫೋರ್ಟ್ರಾನ್ ಮನೆಯದೇ. 100 ಪೂರ್ಣಾಂಕಗಳ ಹೆಡರ್‌ನಿಂದ ಶುರುವಾಗುತ್ತದೆ. ಅಲ್ಲಿ ಫಲಿತಾಂಶ ನೋಡ್ ನಂಬರ್ ಪ್ರಕಾರ ಇರುವುದಿಲ್ಲ. ಒಳಗಿನ ಕ್ರಮ ಒಂದು, ನಿಜ ನಂಬರ್ ಇನ್ನೊಂದು. ಎರಡನ್ನೂ ಜೋಡಿಸುವ ಪಟ್ಟಿ ಅದೇ ಫೈಲಿನಲ್ಲಿದೆ, ಅದನ್ನು ಮೊದಲು ಓದಬೇಕು. ಅಬಾಕಸ್‌ನ ಓಡಿಬಿಯನ್ನು ಬೈಟ್ ಮಟ್ಟದಲ್ಲಿ ಬಿಡಿಸಲು ಹೋಗಬೇಡಿ, ಅದು ಮುಚ್ಚಿದ ಡಬ್ಬಿ. ಅವರದೇ ಪೈಥಾನ್ ಮೂಲಕ ಓದಬೇಕು. 2024ರ ಆವೃತ್ತಿಯಿಂದ ಅದು ಪೈಥಾನ್ 3.10ಕ್ಕೆ ಬಂದಿದೆ. ಅದಕ್ಕೂ ಮುಂಚಿನದು 2.7, ಹಾಗಾಗಿ ಹಳೇ ಸ್ಕ್ರಿಪ್ಟ್ ತಕರಾರು ಮಾಡುತ್ತವೆ. ಲೈಸೆನ್ಸ್ ಇಲ್ಲದವರು ಫಿಲ್ ಫೈಲ್ ಕೇಳುವುದೇ ಮೇಲು. ಅದರ ರಚನೆ ಮ್ಯಾನ್ಯುಯಲ್‌ನಲ್ಲೇ ಇದೆ, ಟೆಕ್ಸ್ಟ್ ರೂಪದಲ್ಲೂ ಬರೆಸಬಹುದು.

ಎಲ್‌ಎಸ್-ಡೈನಾದ ಡಿ3ಪ್ಲಾಟ್‌ನಲ್ಲಿ ಗಾಡಿಯ ಬೋರ್ಡುಗಳೇ ಇಲ್ಲ. ಹೆಡರ್ ನೋಡಿ ಎಷ್ಟು ವರ್ಡ್ ದಾಟಬೇಕು ಅಂತ ನೀವೇ ಲೆಕ್ಕ ಹಾಕಬೇಕು. ಕೊನೆಗೆ -999999.0 ಸಿಕ್ಕರೆ ಮುಗಿಯಿತು ಅಂತ ಅರ್ಥ. ಅದರಲ್ಲಿ ಡಿಸ್‌ಪ್ಲೇಸ್‌ಮೆಂಟ್ ಬದಲು ಆ ಕ್ಷಣದ ಕೋಆರ್ಡಿನೇಟ್ ಇರುತ್ತದೆ. ಮೂಲ ಜಾಗವನ್ನು ಕಳೆದು ಸರಿತ ತೆಗೆಯಬೇಕು. ಇಲ್ಲೊಂದು ಮೋಜಿನ ತೊಂದರೆ ಇದೆ. ಸಿಂಗಲ್ ಪ್ರಿಸಿಷನ್‌ಗೆ ನೆನಪಿರುವುದು ಸುಮಾರು ಏಳು ಅಂಕಿ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮನ್ನು ಮಿಲಿಮೀಟರ್‌ನಲ್ಲಿ ಮಾಡೆಲ್ ಮಾಡಿದಿರಿ ಅನ್ನಿ. ಒರಿಜಿನ್ ಒಂದು ತುದಿಯಲ್ಲಿದೆ. ಇನ್ನೊಂದು ತುದಿಯ ನೋಡ್ 15,07,000ದ ಹತ್ತಿರ. ಆ ಎತ್ತರದ ಸಂಖ್ಯೆಗಳಲ್ಲಿ ಒಂದರ ಪಕ್ಕದ ಇನ್ನೊಂದು ಸಂಖ್ಯೆ 0.125 ಮಿಲಿಮೀಟರ್ ದೂರ. ಅದರ ಅರ್ಧಕ್ಕಿಂತ ಕಡಿಮೆ ಸರಿದರೆ ಫೈಲಿನಲ್ಲಿ ಸೊನ್ನೆ. ನಿಮ್ಮ ವಾಲ್ವ್‌ಗೆ ಈ ಭಯ ಇಲ್ಲ.

ಕೊನೆಗೆ ನಿಮ್ಮ ಎಕ್ಸೆಲ್. ನಿಮ್ಮ ಮಾಡೆಲ್‌ನಲ್ಲಿ 3 ಲಕ್ಷ ಟೆಟ್ರಾ ಇದ್ದರೆ ಐದು ಜಾಗದಂತೆ 15 ಲಕ್ಷ ಸಾಲು. ಎಕ್ಸೆಲ್‌ನ ಒಂದು ಶೀಟಿನಲ್ಲಿ ಹಿಡಿಯುವುದು 10,48,576 ಸಾಲು. ಉಳಿದದ್ದು ಶೀಟಿಗೆ ಬರುವುದೇ ಇಲ್ಲ, ನಿಮ್ಮ ಅತಿ ಹೆಚ್ಚಿನ ಸ್ಟ್ರೆಸ್ ಅದರಲ್ಲೇ ಇರಬಹುದು. ಎಲ್ಲವನ್ನೂ ತರುವ ಆಸೆ ಬಿಡಿ. ಪೈಥಾನ್‌ನಲ್ಲೇ ವಾನ್ ಮಿಸಸ್ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ 500 ಸಾಲು ಮಾತ್ರ ಬರೆಯಿರಿ. ಎಲಿಮೆಂಟ್ ನಂಬರ್, ನೋಡ್ ನಂಬರ್, ಸಬ್‌ಕೇಸ್, ಆರು ಘಟಕ, ಫೈಲಿನ ವಾನ್ ಮಿಸಸ್, ನೀವು ಲೆಕ್ಕ ಹಾಕಿದ ವಾನ್ ಮಿಸಸ್, ಇಷ್ಟು ಕಾಲಮ್ ಸಾಕು. ಕೊನೆಯ ಎರಡು ಕಾಲಮ್ ಬೇರೆ ಬೇರೆ ಬಂದರೆ ಆ ಶೀಟ್ ನಿಮ್ಮ ಸಾಹೇಬರಿಗೆ ತೋರಿಸುವ ಮುಂಚೆ ನನಗೆ ಬರೆಯಿರಿ.